ಹಕ್ಕಿಯ ಕಣ್ಣು ಮಸುಕಾಗಲಿ

ಮೊದಲ ಸಲ ನಾನು ಏರ್ ಪಿಸ್ತೂಲಿನಿಂದ ಹೊಡೆದ ಹತ್ತು ಪೆಲೆಟ್‌ಗಳಲ್ಲಿ, ಅಂದರೆ ಸೀಸದ ಪುಟ್ಟ ಗುಂಡುಗಳಲ್ಲಿ, ಮೂರು ಕಾಗದಕ್ಕೇ ತಾಗಲಿಲ್ಲ. ದೂರ ಹತ್ತೇ ಮೀಟರ್. ಒಂದು ಸಿಟಿ ಬಸ್ಸಿನ ಉದ್ದಕ್ಕಿಂತ ಸ್ವಲ್ಪ ಕಡಿಮೆ. ಟಾರ್ಗೆಟ್ ಕಾಗದ 17 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಅದರ ನಡುವೆ ಸುಮಾರು ಆರು ಸೆಂಟಿಮೀಟರಿನ ಕಪ್ಪು ವೃತ್ತ, ಕಪ್ಪಿನ ನಟ್ಟನಡುವೆ 11.5 ಮಿಲಿಮೀಟರ್ ಅಗಲದ ಹತ್ತು ಅಂಕದ ಉಂಗುರ. ಬಟ್ಟೆ ಗುಂಡಿಯಷ್ಟು ದೊಡ್ಡದು. ಅದನ್ನು ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಹೊಡೆಯಬೇಕು. ಇನ್ನೊಂದು ಕೈ ಜೇಬಿನಲ್ಲಿ.

ನಾನು ಅಲ್ಲಿಗೆ ಹೋಗಿದ್ದು ಮಗಳಿಗಾಗಿ. 2024ರ ಜುಲೈ 28ರಂದು ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರಲ್ಲ, ಆ ದಿನ ನಾವೆಲ್ಲ ಟಿವಿ ಮುಂದೆ ಇದ್ದೆವು. ಶೂಟಿಂಗ್‌ನಲ್ಲಿ ಒಲಿಂಪಿಕ್ ಪದಕ ಗೆದ್ದ ನಮ್ಮ ದೇಶದ ಮೊದಲ ಹೆಣ್ಣುಮಗಳು ಅವರು. ಹದಿಮೂರು ವರ್ಷದ ನನ್ನ ಮಗಳು ಅವತ್ತೇ ಹಟ ಹಿಡಿದಳು. ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಶೂಟಿಂಗ್ ರೇಂಜ್‌ಗೆ ಸೇರಿಸಿದೆವು. ಬ್ಯಾಂಕ್ ಮುಗಿಸಿ ಅವಳನ್ನು ಕರೆದುಕೊಂಡು ಹೋಗಿ, ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ವಾಪಸ್ ಬರುವುದು ನನ್ನ ಕೆಲಸವಾಯಿತು. ನಾಲ್ಕು ತಿಂಗಳು ಹಾಗೇ ಕೂತಿದ್ದೆ. ಒಂದು ದಿನ ಕೋಚ್, "ಮೇಡಂ, ಸುಮ್ನೆ ಕೂರೋ ಬದಲು ಒಂದ್ಸಲ ಹಿಡಿದು ನೋಡಿ" ಅಂದರು. ನನಗಾಗ 46.

ನನಗೆ ಬಂದೂಕು ಹೊಸದಲ್ಲ, ಮುಟ್ಟಿದ್ದು ಮಾತ್ರ ಆ ರೇಂಜ್‌ನಲ್ಲೇ ಮೊದಲು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ತೋಟಕ್ಕೆ ಮಂಗ ಬರುತ್ತದೆ ಎಂದು ಲೈಸೆನ್ಸ್ ಇರುವ ಕೋವಿ ಇತ್ತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ಚುನಾವಣೆ ಬಂದರೆ ಅಪ್ಪಯ್ಯ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. ಹೆಣ್ಣುಮಕ್ಕಳು ಮುಟ್ಟುವ ವಸ್ತು ಅದಾಗಿರಲಿಲ್ಲ. ಆದರೆ ಅಪ್ಪಯ್ಯ ಅಣ್ಣನಿಗೆ ಹೇಳಿಕೊಡುವುದನ್ನು ಜಗಲಿಯಲ್ಲಿ ಕೂತು ಕೇಳಿದ್ದೆ. "ನಳಿಗೆ ನೋಡ್ಬೇಡ ಮಾರಾಯ, ಹೊಡಿಯೋದನ್ನ ನೋಡು. ಕಣ್ಣು ಎಲ್ಲಿರ್ತದೋ ಕೋವಿ ಅಲ್ಲಿಗೆ ಹೋಗ್ತದೆ." ಚಿಕ್ಕಂದಿನಲ್ಲಿ ಕೇಳಿದ ದ್ರೋಣರ ಪರೀಕ್ಷೆಯ ಕಥೆಯೂ ಅದನ್ನೇ ಹೇಳುತ್ತಿತ್ತು, ಅಲ್ವಾ? ಮರ ಕಾಣಬಾರದು, ಕೊಂಬೆ ಕಾಣಬಾರದು, ಹಕ್ಕಿಯ ಕಣ್ಣು ಮಾತ್ರ ಕಾಣಬೇಕು.

ಈ ಎರಡು ಮಾತು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದ್ದವೆಂದರೆ, ಅವನ್ನು ಬಿಡಿಸಿಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ಪಿಸ್ತೂಲಿನಲ್ಲಿ ಎಲ್ಲ ತಿರುಗುಮುರುಗು. ನೋಡಬೇಕಾದದ್ದು ಗುರಿಯನ್ನಲ್ಲ.

ಮೊದಲ ಎರಡು ದಿನ ಪಿಸ್ತೂಲು ಕೈಗೆ ಕೊಡಲೇ ಇಲ್ಲ, ಬರೀ ಸುರಕ್ಷತೆಯ ಪಾಠ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೆ. ಕಣ್ಣು ಸೈಟ್ (ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಇರುವ ಗುರುತು) ಮೇಲೆ ಕೂರುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಕೂಡದು. ಕೆಳಗಿಟ್ಟರೆ ನಳಿಗೆಯೊಳಗೆ ಬಣ್ಣದ ದಾರ ತೂರಿಸಬೇಕು, ಖಾಲಿ ಇದೆ ಎಂದು ಯಾರಿಗಾದರೂ ದೂರದಿಂದಲೇ ಕಾಣಬೇಕು. "ಸ್ಟಾಪ್" ಎಂದರೆ ಅರ್ಧ ಒತ್ತಿದ ಟ್ರಿಗರನ್ನೂ ಬಿಡಬೇಕು. ಪೆಲೆಟ್ ಸೀಸದ್ದು, ಹಾಗಾಗಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ಬಾಯಿಗೆ ಹಾಕುವಂತಿಲ್ಲ. 4.5 ಮಿಲಿಮೀಟರ್ ನಳಿಗೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿ ಪಿಸ್ತೂಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ, ಗುರುತಿನ ದಾಖಲೆ ಕೊಟ್ಟು ಕೊಳ್ಳಬಹುದು. ಆದರೆ ಲೈಸೆನ್ಸ್ ಬೇಡದ ಮಾತ್ರಕ್ಕೆ ಅದು ಆಟಿಕೆಯಲ್ಲ. ಈ ಮಾತನ್ನು ಕೋಚ್ ದಿನಾ ಹೇಳುತ್ತಿದ್ದರು. ನಾನೂ ಈಗ ಹೊಸಬರಿಗೆ ಮೊದಲು ಹೇಳುವುದು ಅದನ್ನೇ.

ಆಮೇಲೆ ನಿಲ್ಲುವುದು. ಕಾಲುಗಳ ನಡುವೆ ಭುಜದಷ್ಟು ಅಂತರ, ದೇಹ ಟಾರ್ಗೆಟ್‌ಗೆ ಬಹುತೇಕ ಅಡ್ಡ. ಕಣ್ಣು ಮುಚ್ಚಿ ಕೈ ಎತ್ತಬೇಕು, ಒಂದು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಕೈ ಟಾರ್ಗೆಟ್‌ನ ಎಡಕ್ಕೋ ಬಲಕ್ಕೋ ಇದ್ದರೆ ಕೈಯನ್ನು ಎಳೆದು ತರಬಾರದು, ಹಿಂದಿನ ಕಾಲನ್ನು ಸರಿಸಬೇಕು. ಇದನ್ನು ಒಮ್ಮೆ ಮಾಡಿ ನೋಡಿದ ಮೇಲೆ ಬಿಡಲು ಮನಸ್ಸಾಗಲಿಲ್ಲ. ದೇಹಕ್ಕೆ ತಾನಾಗಿ ಹೋಗುವ ಒಂದು ದಿಕ್ಕಿದೆ, ಅದಕ್ಕೆ ವಿರುದ್ಧ ಕೈಯನ್ನು ಎಳೆದು ಹಿಡಿದರೆ ಇಪ್ಪತ್ತನೇ ಗುಂಡಿನ ಹೊತ್ತಿಗೆ ಭುಜ ಸೋತು ಬಿಡುತ್ತದೆ.

ಗ್ರಿಪ್ ಬಗ್ಗೆ ಒಂದೇ ಮಾತು. ಯಾರದೋ ಕೈ ಕುಲುಕುವಷ್ಟು ಬಿಗಿ ಸಾಕು, ಆದರೆ ಪ್ರತಿ ಸಲವೂ ಅಷ್ಟೇ ಬಿಗಿ ಇರಬೇಕು. ಹೆಬ್ಬೆರಳು ತೋರುಬೆರಳಿನ ನಡುವಿನ ಸಂದು ಮರದ ಹಿಡಿಯ ಮೇಲ್ತುದಿಗೆ ಒತ್ತಿ ಕೂರಬೇಕು. ನಾನು ಹೊಡೆಯುವುದು ಮಗಳ ಪಿಸ್ತೂಲಿನಲ್ಲೇ. ನಮ್ಮ ಪುಣ್ಯಕ್ಕೆ ನನ್ನ ಅಂಗೈಯೂ ಮಗಳ ಅಂಗೈಯೂ ಒಂದೇ ಅಳತೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಪಿಸ್ತೂಲಿನ ಹಿಂಬದಿಯಲ್ಲಿ ಒಂದು ತಗಡಿನ ಪಟ್ಟಿ, ಅದರ ನಡುವೆ ಚೌಕಾಕಾರದ ಕಚ್ಚು. ಅದು ರಿಯರ್ ಸೈಟ್. ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಒಂದು ಕಪ್ಪು ಕಡ್ಡಿ, ಅದು ಫ್ರಂಟ್ ಸೈಟ್. ಹಿಂದಿನ ಕಚ್ಚಿನೊಳಗೆ ಮುಂದಿನ ಕಡ್ಡಿ ಕಾಣಬೇಕು. ಎರಡರ ನೆತ್ತಿ ಒಂದೇ ಗೆರೆಯಲ್ಲಿರಬೇಕು. ಕಡ್ಡಿಯ ಎಡಕ್ಕೂ ಬಲಕ್ಕೂ ಒಂದೇ ಅಗಲದ ಬೆಳಕಿನ ಸಂದು ಇರಬೇಕು. ಸೈಟ್ ಅಲೈನ್‌ಮೆಂಟ್ ಎಂದರೆ ಇಷ್ಟೇ. ಹೇಳುವುದಕ್ಕೆ ಒಂದು ನಿಮಿಷ ಸಾಕು.

ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಒಮ್ಮೆ ಕಡ್ಡಿಯನ್ನು ಕಚ್ಚಿನಲ್ಲಿ ಕೂರಿಸಿ, ಆಮೇಲೆ ಕಣ್ಣನ್ನು ಕಪ್ಪು ವೃತ್ತದ ಮೇಲೆ ಹಾಕಿ ಕೂರುತ್ತಿದ್ದೆ. ಹಕ್ಕಿಯ ಕಣ್ಣು! ಕಪ್ಪು ಚೆನ್ನಾಗಿ ಕಾಣುತ್ತಿತ್ತು. ಕಾಣುತ್ತಿದ್ದಂತೆ ನನ್ನ ಕೈ ಅಲ್ಲಾಡುವುದೂ ಕಾಣುತ್ತಿತ್ತು. ಅದನ್ನು ನಿಲ್ಲಿಸಲು ಮಣಿಕಟ್ಟು ಬಿಗಿ ಹಿಡಿಯುತ್ತಿದ್ದೆ, ಅಷ್ಟರಲ್ಲಿ ಕಡ್ಡಿ ಕಚ್ಚಿನೊಳಗೆ ಯಾವ ಕಡೆಗೋ ವಾಲಿರುತ್ತಿತ್ತು. ನನಗೆ ಅದರ ಅರಿವೇ ಇರುತ್ತಿರಲಿಲ್ಲ. ಪುಲ್ಲಿಯ ಮೇಲೆ ಕಾಗದ ವಾಪಸ್ ಬಂದಾಗ ತೂತುಗಳು ಅಲ್ಲೊಂದು ಇಲ್ಲೊಂದು.

ಕೋಚ್ ಎಷ್ಟೋ ಸಲ ಹೇಳಿದ್ದರು. "ಕೈ ಅಲ್ಲಾಡ್ಲಿ ಬಿಡಿ ಮೇಡಂ. ಯಾರ ಕೈ ಅಲ್ಲಾಡಲ್ಲ ಹೇಳಿ? ಕಡ್ಡಿ ಕಚ್ಚಿನೊಳಗೆ ಅಲ್ಲಾಡಬಾರದು, ಅಷ್ಟೇ." ನಾನು ತಲೆಯಾಡಿಸುತ್ತಿದ್ದೆ, ನಂಬುತ್ತಿರಲಿಲ್ಲ. ಕೈ ಅಲ್ಲಾಡಿದರೆ ಗುರಿ ತಪ್ಪದೇ ಇರುತ್ತದಾ? ಕೊನೆಗೆ ಒಂದು ರಾತ್ರಿ ಕಾಗದ ಪೆನ್ನು ತೆಗೆದುಕೊಂಡು ಕೂತೆ. ನಾನು ಕ್ಯಾಶಿಯರ್, ಲೆಕ್ಕ ಬಂದರೆ ಮಾತ್ರ ನಂಬುವವಳು.

ನಮ್ಮ ಪಿಸ್ತೂಲಿನಲ್ಲಿ ಹಿಂದಿನ ಕಚ್ಚಿಗೂ ಮುಂದಿನ ಕಡ್ಡಿಗೂ ನಡುವೆ ಸುಮಾರು 32 ಸೆಂಟಿಮೀಟರ್. ಟಾರ್ಗೆಟ್ ಇರುವುದು 1000 ಸೆಂಟಿಮೀಟರ್ ದೂರ. ಅಂದರೆ ಕಡ್ಡಿ ಕಚ್ಚಿನೊಳಗೆ ಒಂದು ಮಿಲಿಮೀಟರ್ ಬಲಕ್ಕೆ ಸರಿದರೆ, ಪೆಲೆಟ್ ಟಾರ್ಗೆಟ್ ಮೇಲೆ 31 ಮಿಲಿಮೀಟರ್ ಬಲಕ್ಕೆ ಹೋಗುತ್ತದೆ. ಹತ್ತಕ್ಕೆ ಬೀಳಬೇಕಾದದ್ದು ಏಳರ ಗೆರೆಗೆ ಹೋಗಿ ತಾಗುತ್ತದೆ. ಅದೇ ಕಡ್ಡಿ ಕಚ್ಚಿನಲ್ಲಿ ಸರಿಯಾಗಿ ಕೂತಿದ್ದು, ಇಡೀ ಕೈಯೇ ಒಂದು ಮಿಲಿಮೀಟರ್ ಬಲಕ್ಕೆ ಸರಿದರೆ? ಪೆಲೆಟ್ಟೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಅಷ್ಟೆ!

ಪೆಲೆಟ್‌ನ ಅಂಚು ಹತ್ತರ ಗೆರೆಗೆ ತಾಗಿದರೂ ಹತ್ತೇ ಕೊಡುತ್ತಾರೆ. ಆ ಲೆಕ್ಕದಲ್ಲಿ ನಡುವಿನಿಂದ ಎಂಟು ಮಿಲಿಮೀಟರ್‌ವರೆಗೆ ತಪ್ಪಿದರೂ ಹತ್ತು. ಕಡ್ಡಿ ಕಚ್ಚಿನಲ್ಲಿ ನೆಟ್ಟಗಿದ್ದರೆ ಕೈ ಎಂಟು ಮಿಲಿಮೀಟರ್ ಓಲಾಡಬಹುದು. ಆದರೆ ಕಡ್ಡಿಗೆ ಸಿಗುವ ಅವಕಾಶ ಕಾಲು ಮಿಲಿಮೀಟರ್ ಮಾತ್ರ. ಕಾಲು ಮಿಲಿಮೀಟರ್ ಎಷ್ಟು ಅಂತ ನನ್ನ ಬೆರಳಿಗೆ ಗೊತ್ತಿದೆ. ಎರಡು ನೋಟು ಒಟ್ಟಿಗೆ ಬಂತೋ ಮೂರು ಬಂತೋ ಎಂದು ಕೌಂಟರಿನಲ್ಲಿ ನೋಡದೆಯೇ ಹೇಳುತ್ತೇನಲ್ಲ, ಹೆಚ್ಚುಕಡಿಮೆ ಅಷ್ಟು ದಪ್ಪ. ಆ ರಾತ್ರಿ ಡ್ರಾಯರಿನಿಂದ ಮೂರು ನೋಟು ತೆಗೆದು ಒಟ್ಟಿಗೆ ಹಿಡಿದು ಅಂಚನ್ನೇ ನೋಡುತ್ತಾ ಕೂತಿದ್ದೆ. ಕಣ್ಣು ಎಲ್ಲಿರಬೇಕು ಎಂಬುದು ಆಗ ಅರ್ಥವಾಯಿತು. ಎಲ್ಲಿ ತಪ್ಪಿದರೆ ಜಾಸ್ತಿ ನಷ್ಟವೋ ಅಲ್ಲಿ.

ಮರುದಿನ ಹೋಗಿ ಕೋಚ್‌ಗೆ ಲೆಕ್ಕ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಟಾರ್ಗೆಟ್ ಕಾಗದವನ್ನು ತಿರುಗಿಸಿ, ಬಿಳಿಯ ಬೆನ್ನು ನನ್ನ ಕಡೆ ಬರುವಂತೆ ಸಿಕ್ಕಿಸಿ ಕಳಿಸಿದರು. ಕಪ್ಪು ಇಲ್ಲ, ವೃತ್ತ ಇಲ್ಲ, ನೋಡುವುದಕ್ಕೆ ಏನೂ ಇಲ್ಲ. "ಮಧ್ಯಕ್ಕೆ ಅಂದಾಜಿನಲ್ಲಿ ಹಿಡಿದು ಐದು ಹೊಡೀರಿ. ಕಡ್ಡಿ ಬಿಟ್ಟು ಬೇರೇನೂ ನೋಡ್ಬೇಡಿ."

ಹೊಡೆದೆ. ಕಾಗದ ವಾಪಸ್ ಬಂತು. ಐದು ತೂತುಗಳ ಮೇಲೆ ನನ್ನ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಮಾಡಿದ ಉಂಗುರ ಇಟ್ಟೆ. ಐದೂ ಒಳಗಿದ್ದವು. ಅದಕ್ಕೆ ಮೊದಲು ಯಾವತ್ತೂ ಕಪ್ಪು ವೃತ್ತ ನೋಡಿ ಹೊಡೆದಾಗ ಅಷ್ಟು ಹತ್ತಿರ ಹತ್ತಿರ ಬಿದ್ದಿರಲಿಲ್ಲ. ಗುರಿಯೇ ಇಲ್ಲದ ಕಾಗದದ ಮೇಲೆ ನನ್ನ ಗುರಿ ಸುಧಾರಿಸಿತ್ತು. ನಾನು ಆ ಕಾಗದವನ್ನು ಮನೆಗೆ ತಂದು ದೇವರ ಮನೆಯ ಪಕ್ಕದ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದೇನೆ, ಈಗಲೂ ಇದೆ.

ಕಪ್ಪು ವೃತ್ತ ಮತ್ತೆ ಬಂದಾಗ ಕಣ್ಣು ಮತ್ತೆ ಅದರ ಕಡೆಗೇ ಹೋಗುತ್ತಿತ್ತು. ಅದಕ್ಕೂ ಒಂದು ಉಪಾಯವಿದೆ. ಕಡ್ಡಿಯ ತುದಿಯನ್ನು ಕಪ್ಪಿಗೆ ತಾಗಿಸಿ ಹಿಡಿಯಬಾರದು. ಕಪ್ಪಿನ ಕೆಳಗಿನ ಬಿಳಿ ಜಾಗದಲ್ಲಿ, ಚೆನ್ನಾಗಿ ಅಂತರ ಬಿಟ್ಟು ಹಿಡಿಯಬೇಕು. ಹಾಗೆ ಕೆಳಗೆ ಹಿಡಿದರೂ ಪೆಲೆಟ್ ಮೇಲೆ ಕಪ್ಪಿನ ನಡುವಿಗೇ ಹೋಗುವಂತೆ ರಿಯರ್ ಸೈಟ್ ತಿರುಪಿನಲ್ಲಿ ಹೊಂದಿಸಿರುತ್ತಾರೆ. ಬಿಳಿಯ ಮೇಲೆ ಕಪ್ಪು ಕಡ್ಡಿ ಸ್ಪಷ್ಟವಾಗಿ ಕಾಣುತ್ತದೆ. ಮೇಲೆಲ್ಲೋ ಒಂದು ಮಸುಕಾದ ಉಂಡೆ ತೇಲುತ್ತಿರುತ್ತದೆ. ಅದು ಟಾರ್ಗೆಟ್. ತೇಲಲಿ ಬಿಡಿ.

ಇಷ್ಟಾದರೂ ನನಗೆ ಇನ್ನೊಂದು ತೊಂದರೆ ಇತ್ತು. ನನಗೆ ಚಾಳೀಸು ಬಂದು ನಾಲ್ಕು ವರ್ಷವಾಗಿತ್ತು. ಹಾಕುವುದು ಪ್ರೊಗ್ರೆಸಿವ್ ಕನ್ನಡಕ, ಮೇಲೆ ದೂರದ್ದು, ಕೆಳಗೆ ಹತ್ತಿರದ್ದು. ಫ್ರಂಟ್ ಸೈಟ್ ದೂರವೂ ಅಲ್ಲ, ಹತ್ತಿರವೂ ಅಲ್ಲ. ಅದನ್ನು ಸ್ಪಷ್ಟವಾಗಿ ಕಾಣಲು ನಾನು ಪ್ರತಿ ಗುಂಡಿಗೂ ಗದ್ದ ಎತ್ತಿ ಗಾಜಿನಲ್ಲಿ ಆ ಜಾಗ ಹುಡುಕುತ್ತಿದ್ದೆ. ಪ್ರತಿ ಸಲವೂ ತಲೆ ಬೇರೆ ಬೇರೆ ಕಡೆ. ತಲೆ ಬದಲಾದರೆ ಕಣ್ಣು ಬದಲಾಯಿತು, ಕಣ್ಣು ಬದಲಾದರೆ ಕಚ್ಚಿನೊಳಗಿನ ಕಡ್ಡಿಯೂ ಬದಲಾಯಿತು. ನನ್ನ ವಯಸ್ಸಿನವರು ಯಾರಾದರೂ ಪಿಸ್ತೂಲು ಕಲಿಯುತ್ತಿದ್ದು, ಕಡ್ಡಿ ಎರಡೆರಡು ಕಾಣುತ್ತದೆ, ಅಂಚು ನೊರೆನೊರೆಯಾಗಿ ಕಾಣುತ್ತದೆ ಅನ್ನುತ್ತಿದ್ದರೆ, ದಯವಿಟ್ಟು ಅಭ್ಯಾಸ ಸಾಲದು ಎಂದು ನಿಮ್ಮನ್ನೇ ಬೈದುಕೊಳ್ಳಬೇಡಿ. ಮೊದಲು ಕನ್ನಡಕದ ಅಂಗಡಿಗೆ ಹೋಗಿ.

ನಾನು ಹೋಗುವ ಮೊದಲು ಮಗಳು ರೇಂಜ್‌ನಲ್ಲಿ ನನ್ನ ಹೊಲಿಗೆ ಟೇಪ್ ಹಿಡಿದು ಅಳತೆ ಮಾಡಿದಳು. ನಾನು ಕೈ ಚಾಚಿ ನಿಂತೆ. ಕಣ್ಣಿನಿಂದ ಕಡ್ಡಿಗೆ 88 ಸೆಂಟಿಮೀಟರ್. ಅಂಗಡಿಯ ಹಿರಿಯರು ಒಂದು ಪೆನ್ಸಿಲನ್ನು ಅಷ್ಟೇ ದೂರದಲ್ಲಿ ಹಿಡಿದುಕೊಂಡು ನಿಂತರು. ಗೋಡೆಯ ಮೇಲೆ ಅಕ್ಷರದ ಚಾರ್ಟ್. ನನ್ನ ಮೂಗಿನ ಮೇಲೆ ಭಾರದ ಟ್ರಯಲ್ ಫ್ರೇಮ್. ದೂರದ ನಂಬರಿನ ಮೇಲೆ ಒಂದು ಪವರ್ ಸೇರಿಸಿದಾಗ ಪೆನ್ಸಿಲಿನ ಮೊನೆ ಕತ್ತರಿಸಿದ ಹಾಗೆ ಕಂಡಿತು, ಆದರೆ ಗೋಡೆಯ ಮೇಲಿದ್ದದ್ದು ಕರಗಿಯೇ ಹೋಯಿತು. ಅರ್ಧ ಸೇರಿಸಿದಾಗ ಗೋಡೆ ಚೆನ್ನಾಗಿತ್ತು, ಪೆನ್ಸಿಲ್ ಅಷ್ಟಾಗಿ ಇಲ್ಲ. ಮುಕ್ಕಾಲಕ್ಕೆ ಪೆನ್ಸಿಲ್ ಸ್ಪಷ್ಟ, ಗೋಡೆಯದು ಮಸುಕು, ಆದರೆ ಆಕಾರ ಉಳಿದಿತ್ತು. "ಇದೇ ಸಾಕಾ ಅಮ್ಮಾ? ದೂರದ್ದು ಕಾಣಲ್ವಲ್ಲ" ಎಂದು ಅವರು ಎರಡು ಸಲ ಕೇಳಿದರು. ಅವರು ಅಷ್ಟು ವರ್ಷ ಮಾಡಿದ್ದೇ ಜನರಿಗೆ ದೂರದ್ದು ಕಾಣುವಂತೆ ಮಾಡುವ ಕೆಲಸ. ಮಸುಕಾಗಿ ಕಾಣಲಿ ಎಂದು ಕೇಳಿದವಳು ಬಹುಶಃ ನಾನೇ ಮೊದಲು.

ಬಲಗಣ್ಣಿಗೆ ಆ ಒಂದೇ ಪವರಿನ ಗಾಜು. ಎಡಗಣ್ಣನ್ನು ಮುಚ್ಚುವುದಿಲ್ಲ. ಮುಚ್ಚಿದರೆ ಮುಖದ ಸ್ನಾಯು ಎಳೆದುಕೊಂಡು ಬಲಗಣ್ಣಿಗೂ ಆಯಾಸವಾಗುತ್ತದೆ. ಎಡ ಗಾಜಿನ ಮುಂದೆ ಬಿಳಿ ಪ್ಲಾಸ್ಟಿಕ್ಕಿನ ತುಂಡು ಅಂಟಿಸಿದೆ. ಬೆಳಕು ಬರುತ್ತದೆ, ದೃಶ್ಯ ಬರುವುದಿಲ್ಲ. ಕೋಚ್ ರಿಯರ್ ಸೈಟಿನ ಕಚ್ಚನ್ನೂ ಸ್ವಲ್ಪ ಅಗಲ ಮಾಡಿಕೊಟ್ಟರು, ಎರಡು ಕಡೆಯ ಬೆಳಕಿನ ಸಂದು ದಪ್ಪವಾಗಿ ಕಾಣಲಿ ಎಂದು. ಅದು ಸಣ್ಣ ಬದಲಾವಣೆ. ನನ್ನ ಕಣ್ಣಿಗೆ ದೊಡ್ಡ ಉಪಕಾರ.

ವಯಸ್ಸಿನ ಚಿಂತೆ ಆಗಾಗ ಬರುತ್ತಿತ್ತು. ಆಗೆಲ್ಲ ಕೋಚ್ ಪ್ರಕಾಶ್ ನಂಜಪ್ಪ ಅವರ ಹೆಸರು ತೆಗೆಯುತ್ತಿದ್ದರು. ನಮ್ಮ ಬೆಂಗಳೂರಿನವರೇ, ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. 2013ರಲ್ಲಿ ಮುಖದ ಪಾರ್ಶ್ವವಾಯು ಆಗಿಯೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಆಗ ಅವರಿಗೆ 38. ಮಗಳಿಗೆ ಇಷ್ಟವಾದದ್ದು ಟಿ.ಎಸ್. ದಿವ್ಯಾ ಅವರ ಕಥೆ. ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಬೆಂಗಳೂರಿನ ಹುಡುಗಿ ಪಿಸ್ತೂಲು ಹಿಡಿದು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಕ್ಸೆಡ್ ಟೀಮ್ ಬೆಳ್ಳಿ ತಂದರು.

ಕನ್ನಡಕ ಬಂದ ಮೇಲೆ ಗುಂಡುಗಳು ಒಂದೆಡೆ ಸೇರತೊಡಗಿದವು. ಆದರೆ ಸೇರಿದ್ದು ಹತ್ತರಲ್ಲಲ್ಲ, ಎಡಕ್ಕೆ ಕೆಳಗೆ. ಏಳು, ಆರು, ಏಳು, ಎಂಟು. ನಾನು ತಕ್ಷಣ ಸೈಟಿನ ತಿರುಪಿಗೆ ಕೈ ಹಾಕಿದೆ. ಎರಡು ಕ್ಲಿಕ್ ಮೇಲೆ, ಎರಡು ಬಲಕ್ಕೆ. ಮುಂದಿನ ಗುಂಡು ಬಲಕ್ಕೆ ಮೇಲೆ ಹೋಯಿತು. ಮತ್ತೆ ತಿರುಗಿಸಿದೆ. ಒಂದು ಗಂಟೆ ಇದೇ ಆಯಿತು. ಕೊನೆಗೆ ಕೋಚ್ ಬಂದು ತಿರುಪಿನ ಮೇಲೆ ಟೇಪ್ ಸುತ್ತಿಬಿಟ್ಟರು. ಐದೈದು ಗುಂಡಿನ ನಾಲ್ಕು ಗ್ರೂಪ್ ಒಂದೇ ಜಾಗಕ್ಕೆ ಬೀಳುವವರೆಗೆ ಮುಟ್ಟುವ ಹಾಗಿಲ್ಲ ಎಂದರು. ಒಂದೊಂದು ಗುಂಡಿನ ಹಿಂದೆ ಓಡಿದರೆ ತಪ್ಪು ನಿಮ್ಮದೋ ಸೈಟಿನದೋ ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ತಪ್ಪು ನನ್ನದೇ ಆಗಿತ್ತು. ಅದನ್ನು ಅವರು ತೋರಿಸಿದ ರೀತಿ ನಾನು ಮರೆಯುವುದಿಲ್ಲ. ಲೇನಿನಲ್ಲಿ ನನ್ನ ಪಕ್ಕದಲ್ಲೇ ನಿಂತು, ನಾನು ಬೇರೆ ಕಡೆ ನೋಡುತ್ತಿರುವಾಗ ಪಿಸ್ತೂಲು ಸಿದ್ಧ ಮಾಡಿ ಕೊಡುತ್ತಿದ್ದರು. ಒಳಗೆ ಪೆಲೆಟ್ ಹಾಕಿದ್ದಾರೋ ಇಲ್ಲವೋ ನನಗೆ ಹೇಳುತ್ತಿರಲಿಲ್ಲ. ನಾನು ಪ್ರತಿ ಸಲವೂ ಇದೆ ಎಂದುಕೊಂಡೇ ಹೊಡೆಯಬೇಕು. ಮೂರನೇ ಸಲ ಖಾಲಿ ಇತ್ತು. ಟ್ರಿಗರ್ ಒತ್ತಿದೆ. ಕಡ್ಡಿ ಎಡಕ್ಕೆ ಕೆಳಗೆ ಜಿಗಿಯಿತು, ನನ್ನ ಕಣ್ಣೆದುರಿಗೇ. ಕಡ್ಡಿಯನ್ನೇ ನೋಡುತ್ತಿದ್ದೆನಾದ್ದರಿಂದ ಕಂಡಿತು. ಹಿಂದೆ ಕಪ್ಪನ್ನು ನೋಡುತ್ತಿದ್ದಾಗಿದ್ದರೆ ಕಾಣುತ್ತಲೇ ಇರಲಿಲ್ಲ.

ಆಗುತ್ತಿದ್ದದ್ದು ಇಷ್ಟು. ಕಡ್ಡಿ ಚೆನ್ನಾಗಿ ಕೂತ ಗಳಿಗೆಯಲ್ಲಿ ಮನಸ್ಸು "ಈಗ!" ಅನ್ನುತ್ತಿತ್ತು. ಆ "ಈಗ" ಬರೀ ತೋರುಬೆರಳಿಗೆ ಹೋಗುವುದಿಲ್ಲ, ಐದೂ ಬೆರಳಿಗೆ ಹೋಗುತ್ತದೆ. ಇಡೀ ಮುಷ್ಟಿ ಹಿಂಡಿಕೊಳ್ಳುತ್ತದೆ. ಬಲಗೈಯವರಿಗೆ ಗುಂಡು ಎಡಕ್ಕೆ ಕೆಳಗೆ ಹೋಗುತ್ತದೆ.

ಏರ್ ಪಿಸ್ತೂಲಿನ ಟ್ರಿಗರ್ ಭಾರ ಕನಿಷ್ಠ 500 ಗ್ರಾಂ ಇರಬೇಕೆಂಬುದು ನಿಯಮ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು. ಎರಡು ಹಂತದಲ್ಲಿ ಒತ್ತಬೇಕು. ಮೊದಲ ಹಂತ ಸಡಿಲ, ಆಮೇಲೆ ಒಂದು ಗೋಡೆ ತಾಗಿದಂತಾಗುತ್ತದೆ. ಪಿಸ್ತೂಲು ಮೇಲಿನಿಂದ ಇಳಿಸುತ್ತಾ ಬರುವಾಗಲೇ ಆ ಗೋಡೆಯವರೆಗೆ ಒತ್ತಿಕೊಂಡಿರಬೇಕು. ಅಲ್ಲಿಂದ ಮುಂದೆ ಕಣ್ಣು ಕಡ್ಡಿಯ ಮೇಲೆ, ಬೆರಳು ತನ್ನ ಪಾಡಿಗೆ ಹಿಂದಕ್ಕೆ, ನಿಧಾನವಾಗಿ, ನಿಲ್ಲಿಸದೆ. ಯಾವಾಗ ಸಿಡಿಯುತ್ತದೆ ಎಂದು ನನಗೇ ತಿಳಿಯಬಾರದು. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗವೇ ಟ್ರಿಗರಿಗೆ ತಾಗಬೇಕು. ಹಾಲಿಗೆ ಹೆಪ್ಪು ಹಾಕುವಾಗ ಚಮಚದಿಂದ ಮಜ್ಜಿಗೆ ಬೀಳಿಸುತ್ತೇವಲ್ಲ, ಯಾವ ಹನಿ ಯಾವಾಗ ಬೀಳುತ್ತದೆ ಎಂದು ಗೊತ್ತಿಲ್ಲದೆ ಚಮಚ ವಾಲಿಸುತ್ತಾ ಹೋಗುತ್ತೇವೆ. ನನಗೆ ಅರ್ಥವಾದದ್ದು ಹಾಗೆ.

ಎಂಟು ಸೆಕೆಂಡಿನೊಳಗೆ ಸಿಡಿಯದಿದ್ದರೆ ಕೈ ಇಳಿಸಬೇಕು. ಇದು ಕಲಿಯಲು ಬಹಳ ಕಷ್ಟ. ಎತ್ತಿದ ಮೇಲೆ ಹೊಡೆದೇ ಬಿಡೋಣ ಅನಿಸುತ್ತದೆ. ಉಸಿರು ಕಟ್ಟಿದಷ್ಟೂ ಕಣ್ಣಿನ ಮುಂದೆ ಮಂಜು ಕವಿಯುತ್ತದೆ, ಸರಿಯಾಗಿ ಕೂರದ ಕಡ್ಡಿಯೂ ಸರಿಯಾಗಿ ಕೂತ ಹಾಗೆ ಕಾಣುತ್ತದೆ. ನನ್ನ ಅತಿ ಕೆಟ್ಟ ಗುಂಡುಗಳೆಲ್ಲ ಹತ್ತು ಸೆಕೆಂಡ್ ದಾಟಿದ ಮೇಲಿನವು.

ಸಿಡಿದ ಮೇಲೂ ಕೆಲಸ ಮುಗಿಯುವುದಿಲ್ಲ. ಪೆಲೆಟ್ ಸುಮಾರು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋಗುತ್ತದೆ. ಟಾರ್ಗೆಟ್ ಮುಟ್ಟಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಆದರೂ ಒಂದೆರಡು ಸೆಕೆಂಡ್ ಹಾಗೇ ಹಿಡಿದು ನಿಲ್ಲಬೇಕು. ಏಕೆಂದರೆ ಸಿಡಿದ ಕೂಡಲೇ ತಲೆ ಎತ್ತಿ ನೋಡುವ ಚಾಳಿ ಬಿದ್ದರೆ, ಕ್ರಮೇಣ ಸಿಡಿಯುವ ಮೊದಲೇ ತಲೆ ಎದ್ದಿರುತ್ತದೆ. ಹಾಗೆ ನಿಂತಾಗ ಕಡ್ಡಿ ಕೊನೆಗೆ ಎಲ್ಲಿತ್ತು ಎಂಬ ಚಿತ್ರ ಕಣ್ಣಲ್ಲಿ ಉಳಿಯುತ್ತದೆ. ಕಾಗದ ನೋಡುವ ಮೊದಲೇ "ಎಂಟು, ಬಲಕ್ಕೆ" ಎಂದು ಹೇಳಬೇಕು. ನಾನು ಮೊದಲ ಸಲ ಸರಿಯಾಗಿ ಹೇಳಿದ ದಿನ, ಗುಂಡು ಎಂಟೇ ಆಗಿದ್ದರೂ, ಹತ್ತು ಬಿದ್ದಷ್ಟು ಸಂತೋಷವಾಗಿತ್ತು.

ಮನೆಯಲ್ಲಿ ಅಭ್ಯಾಸ ಬೆಳಿಗ್ಗೆ ಐದೂವರೆಗೆ, ಹಾಲು ಬರುವ ಮೊದಲು. ಮಗಳ ಪಿಸ್ತೂಲಿನ ಗಾಳಿ ಸಿಲಿಂಡರ್ ಬಿಚ್ಚಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಎಂದು ಇಬ್ಬರೂ ನೋಡಿಕೊಂಡ ಮೇಲೆ ಡ್ರೈ ಪ್ರಾಕ್ಟೀಸ್. ಎದುರಿಗೆ ಬಿಳಿ ಗೋಡೆ. ಎತ್ತು, ಇಳಿಸು, ಕಡ್ಡಿ ನೋಡು, ಒತ್ತು, ನಿಲ್ಲು. ಮೂವತ್ತು ಸಲ. ಟಕ್ ಎಂಬ ಶಬ್ದವಾದಾಗ ಕಡ್ಡಿ ಕದಲಿತೋ ಇಲ್ಲವೋ, ಅಷ್ಟೇ ನೋಡುವುದು. ಭುಜಕ್ಕೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಅರ್ಧ ನಿಮಿಷ ನಿಲ್ಲುತ್ತೇನೆ, ಪಿಸ್ತೂಲಿನ ಭಾರವೂ ಹೆಚ್ಚುಕಡಿಮೆ ಒಂದು ಕೆಜಿ. ರೇಂಜ್‌ನಲ್ಲಿ ನೂರು ಪೆಲೆಟ್ ಹೊಡೆಯುವುದಕ್ಕಿಂತ ಈ ಮೂವತ್ತು ಟಕ್ ನನಗೆ ಜಾಸ್ತಿ ಕಲಿಸಿವೆ. ದುಡ್ಡೂ ಖರ್ಚಿಲ್ಲ.

ಒಂಬತ್ತನೇ ತಿಂಗಳು ರೇಂಜ್‌ನವರೇ ಒಂದು ಪಂದ್ಯ ಇಟ್ಟರು. 60 ಗುಂಡು, ಕಾಗದದ ಟಾರ್ಗೆಟ್ ಆದ್ದರಿಂದ 90 ನಿಮಿಷ. ಮೊದಲ ಗುಂಡಿಗೆ ಎದೆ ಹೊಡೆದುಕೊಳ್ಳುವುದು ಕಡ್ಡಿಯ ಮೇಲೆ ಕಾಣುತ್ತಿತ್ತು, ಪ್ರತಿ ಬಡಿತಕ್ಕೂ ಅದು ಸಣ್ಣಗೆ ಕುಪ್ಪಳಿಸುತ್ತಿತ್ತು. ಇಳಿಸಿದೆ. ಎತ್ತಿದೆ. ಇಳಿಸಿದೆ. ನಾಲ್ಕನೇ ಸಲಕ್ಕೆ ಹೊಡೆದೆ, ಒಂಬತ್ತು. ನಲವತ್ತರವರೆಗೆ ಚೆನ್ನಾಗಿ ಹೋಯಿತು. ಆಮೇಲೆ ಕಣ್ಣು ದಣಿದು ಕಡ್ಡಿಯಿಂದ ಜಾರಿ ಜಾರಿ ಕಪ್ಪಿಗೆ ಹೋಗುತ್ತಿತ್ತು. ಪಿಸ್ತೂಲು ಕೆಳಗಿಟ್ಟು, ಹಿಂದಿನ ಹಸಿರು ಪರದೆಯನ್ನು ಒಂದು ನಿಮಿಷ ನೋಡುತ್ತಾ ಕೂತು, ಮತ್ತೆ ಎದ್ದೆ. ಒಟ್ಟು 521. ಆರಂಭದಲ್ಲಿ, ಮೂರನೇ ತಿಂಗಳಿನಲ್ಲಿ, ಅರವತ್ತು ಹೊಡೆದಾಗ 438 ಬಂದಿತ್ತು. ಮಗಳದು 547. ಅವಳು ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ, ಅದು ನನಗೆ ದೊಡ್ಡ ಹೆಮ್ಮೆ.

ದಸರಾ ರಜೆಗೆ ಊರಿಗೆ ಹೋದಾಗ ಆ ಪಂದ್ಯದ ಕೊನೆಯ ಕಾಗದಗಳನ್ನು ತೆಗೆದುಕೊಂಡು ಹೋಗಿದ್ದೆ. ಅಪ್ಪಯ್ಯನಿಗೆ ಈಗ 79. ಜಗಲಿಯ ಕಟ್ಟೆಯ ಮೇಲೆ ಕೂತು, ಕಾಗದವನ್ನು ಬೆಳಕಿಗೆ ಹಿಡಿದು, ತೂತುಗಳನ್ನು ಒಂದೊಂದಾಗಿ ಎಣಿಸಿದರು.

"ಎಂತ ನೋಡಿ ಹೊಡೆದದ್ದು ನೀನು?"

"ಮುಂದಿನ ಕಡ್ಡಿ ನೋಡಿ, ಅಪ್ಪಯ್ಯ."

"ಗುರಿ?"

"ಅದು ಮಸುಕಾಗಿ ಕಾಣ್ತಿತ್ತು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬಲಗೈ ಚಾಚಿ, ಹೆಬ್ಬೆರಳು ನೆಟ್ಟಗೆ ಮಾಡಿ, ಅಂಗಳದಾಚೆಯ ಅಡಿಕೆ ಮರದ ಕಡೆಗೆ ಹಿಡಿದರು. ಕಣ್ಣು ಕಿರಿದು ಮಾಡಿದರು. ಹೆಬ್ಬೆರಳು ಹಿಂದೆ ಮುಂದೆ ಮಾಡಿದರು.

"ಬೆರಳು ಸಮ ಕಾಣುದಿಲ್ಲ ಮಾರಾಯ್ತಿ. ಮರವೇ ಕಾಣ್ತದೆ."

"ಓದೋ ಕನ್ನಡಕ ಹಾಕಿ ನೋಡಿ."

"ಎಲ್ಲುಂಟು ಅದು? ತಾ ನೋಡುವ."

ಒಳಗಿನಿಂದ ತಂದುಕೊಟ್ಟೆ. ಪಂಚೆಯ ಅಂಚಿನಿಂದ ಗಾಜು ಒರೆಸಿ, ಮೂಗಿನ ಮೇಲೆ ಏರಿಸಿ, ಅಪ್ಪಯ್ಯ ಮತ್ತೆ ಕೈ ಎತ್ತಿದರು.